ಕುರ್ಚಿಯ ಮುಖ ಯಾವ ಕಡೆ

ಆ ಹೋಟೆಲಿಗೆ ಎಂಬತ್ತಾರು ಶಾಖೆಗಳು. ಎಂಬತ್ತಾರೂ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗೆ. ಯಾವ ಊರಿನ ಶಾಖೆಗೆ ಹೋದರೂ ಹಾಸಿಗೆ ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಸೋಪು ಬೆಂಕಿಪೊಟ್ಟಣದಷ್ಟು. ನೀರು ಕಾಯಿಸುವ ಕೆಟಲಿನ ವಯರು ಒಂದು ಗೇಣು ಗಿಡ್ಡ, ಹಾಗಾಗಿ ಚಹಾ ಬೇಕೆಂದವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮಾಡಿಕೊಳ್ಳಬೇಕು. ಮಂಚದ ತಲೆಯ ಮೇಲೆ ಹಳದಿ ದೋಣಿಯ ಚಿತ್ರ. ಕತ್ತಲಲ್ಲಿ ಎಚ್ಚರವಾದರೆ ಎಡಗೈ ಚಾಚಿದಲ್ಲಿ ಸ್ವಿಚ್ಚು. ಬೆಳಗಿನ ತಿಂಡಿಗೆ ಬ್ರೆಡ್ಡು ಸುಡುವ ಒಂದು ಯಂತ್ರ. ಅದರೊಳಗೆ ಬ್ರೆಡ್ಡು ಒಂದು ಸುತ್ತು ಹೋದರೆ ಹಸಿ, ಎರಡು ಸುತ್ತು ಹೋದರೆ ಮಸಿ.

ಒಮ್ಮೆ ಔಷಧಿ ಮಾರುವವನೊಬ್ಬ ಮೇಜಿನ ಎರಡನೇ ಡ್ರಾಯರಿನಲ್ಲಿ ಇಟ್ಟಿದ್ದ ತನ್ನ ಚಾರ್ಜರು ಕಳುವಾಗಿದೆ ಎಂದು ರಂಪ ಮಾಡಿದ. ಹುಡುಕಿದರೆ ಅದು ಎರಡನೇ ಡ್ರಾಯರಿನಲ್ಲೇ ಇತ್ತು, ಆದರೆ ಹಿಂದಿನ ಊರಿನ ಶಾಖೆಯಲ್ಲಿ. ಕಂಪನಿಯವರು ಆ ದೂರಿಗೆ ಚೌಕಟ್ಟು ಹಾಕಿಸಿ ಮುಖ್ಯ ಕಚೇರಿಯ ಗೋಡೆಗೆ ತೂಗುಹಾಕಿದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಬೇಕಿರಲಿಲ್ಲ.

ಬಂದು ಹೋದವರು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಇತ್ತು. ಎಂಬತ್ತಾರು ಶಾಖೆಗಳಿಗೂ ಬರುತ್ತಿದ್ದದ್ದು ಏಳು. ಆರಕ್ಕೆ ಇಳಿದರೆ ಮ್ಯಾನೇಜರಿಗೆ ಬೈಗುಳ. ಎಂಟಕ್ಕೆ ಏರಿದರೆ ಏನು ಎಂದು ಯಾರೂ ಯೋಚಿಸಿರಲಿಲ್ಲ, ಏಕೆಂದರೆ ಏರಿರಲಿಲ್ಲ.

ಹೀಗಿರುವಾಗ ವರ್ತುಲ ರಸ್ತೆಯ ಶಾಖೆಗೆ ಒಂಬತ್ತೂಕಾಲು ಬಂತು.

ಮೊದಲ ವಾರ ಮ್ಯಾನೇಜರು ಯಾರಿಗೂ ಹೇಳಲಿಲ್ಲ, ಮೈಮೇಲೆ ಎದ್ದ ಗುಳ್ಳೆಯನ್ನು ಮುಚ್ಚಿಕೊಂಡ ಹಾಗೆ ಮುಚ್ಚಿಕೊಂಡ. ಎರಡನೇ ವಾರವೂ ಒಂಬತ್ತೂಕಾಲು. "ಜಾಗ ಅಂದರೆ ಜಾಗ!" ಎಂದು ಯಾರೋ ಬರೆದಿದ್ದರು. "ಇಂಥ ಜಾಗ ಎಲ್ಲೂ ಇಲ್ಲ, ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ" ಎಂದು ಇನ್ನೊಬ್ಬರು. ಮ್ಯಾನೇಜರು ಹೊರಗೆ ಬಂದು ಜಾಗ ನೋಡಿದ. ಎಡಕ್ಕೆ ಟಯರಿನ ಅಂಗಡಿ, ಬಲಕ್ಕೆ ಬಾಗಿಲು ಹಾಕಿದ ಬಣ್ಣದ ಅಂಗಡಿ, ಎದುರಿಗೆ ಲಾರಿಗಳ ಧೂಳು. ಒಳಗೆ ಹೋಗಿ ಎರಡು ಲೋಟ ನೀರು ಕುಡಿದ. ಅಷ್ಟರಲ್ಲಿ ಮುಖ್ಯ ಕಚೇರಿಯ ಫೋನು ಬಂದೇಬಿಟ್ಟಿತು.

ಮಾರನೆಯ ಬೆಳಿಗ್ಗೆ ನಲವತ್ತು ಜನ ಕೆಲಸಗಾರರನ್ನೂ ತಿಂಡಿಯ ಹಾಲಿನಲ್ಲಿ ನಿಲ್ಲಿಸಿ ಮ್ಯಾನೇಜರು ಹೇಳಿದ: "ನೋಡ್ರಪ್ಪ, ಒಂದು ಕ್ಲಾಸಲ್ಲಿ ಎಂಬತ್ತೈದು ಮಕ್ಕಳು ಏಳು ತಗೊಂಡು, ಒಬ್ಬ ಮಾತ್ರ ಒಂಬತ್ತು ತಗೊಂಡ್ರೆ ಮೇಷ್ಟ್ರು ಏನಂತಾರೆ? ನಕಲು ಹೊಡ್ದಿದಾನೆ ಅಂತಾರೆ. ನಮ್ಮಲ್ಲಿ ಯಾರೋ ಏನೋ ಹೆಚ್ಚು ಮಾಡ್ತಿದೀರ. ಇಲ್ಲಿಗೆ ಬಂದೋರು ಬೇರೆ ಶಾಖೆಗೆ ಹೋದಾಗ ಮೋಸ ಆಯ್ತು ಅಂತಾರೆ. ಯಾರದು, ಈಗಲೇ ಒಪ್ಕೊಂಡುಬಿಡಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಚ್ಚು ಮಾಡಿದ ನೆನಪು ಯಾರಿಗೂ ಇರಲಿಲ್ಲ. ಅಡುಗೆಯವನು ಮಾತ್ರ ಹೆಮ್ಮೆಯಿಂದ ಎದೆ ಸೆಟೆಸಿದ.

"ನೀನಲ್ಲ ಬಿಡಯ್ಯ," ಎಂದ ಮ್ಯಾನೇಜರು.

ಗುಂಪಿನ ಹಿಂದೆ, ಕಂಬದ ಪಕ್ಕದಲ್ಲಿ ಒಂದು ಹುಡುಗಿ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಳು. ಕೋಣೆ ಗುಡಿಸಿ ಒರೆಸಿ ಹಾಸಿಗೆ ಹಾಸುವ ಕೆಲಸದವಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಬಂದದ್ದೂ ಹೋದದ್ದೂ ಗೊತ್ತಾಗದ ಹಾಗೆ ಇರುತ್ತಿದ್ದಳೆಂದು ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಅವಳ ಚಿಕ್ಕಮ್ಮನೇ, ಬಟ್ಟೆ ಒಗೆಯುವ ಕೋಣೆಯ ಯಜಮಾನಿ. ಗುಬ್ಬಿಯನ್ನು ಕೆಲಸಕ್ಕೆ ಸೇರಿಸಿದ್ದೂ ಅವಳೇ. ಆ ಹೋಟೆಲಿನಲ್ಲಿ ಒಂದು ನಿಯಮವಿತ್ತು: ತಪ್ಪು ಮಾಡಿದವರು ಮನೆಗೆ ಹೋಗಬೇಕು, ಅವರನ್ನು ಸೇರಿಸಿದವರೂ ಜೊತೆಗೆ ಹೋಗಬೇಕು, ದಾರಿಯಲ್ಲಿ ಒಬ್ಬರಿಗೊಬ್ಬರು ಆಸರೆ.

ಗುಬ್ಬಿಗೆ ಗೊತ್ತಿತ್ತು. ಮಾಡಿದ್ದು ಅವಳೇ.

ಆದದ್ದು ಇಷ್ಟು. ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹಿಂಬದಿಯ ಇಪ್ಪತ್ತೆರಡು ಕೋಣೆ ಅವಳ ಪಾಲಿಗೆ ಬಂದವು. ಹಿಂಬದಿಯ ಕಿಟಕಿಗಳ ಕೆಳಗೆ ಬಸ್ಸು ತೊಳೆಯುವ ಅಂಗಳ. ಪ್ರತಿ ಕೋಣೆಯಲ್ಲೂ ಒಂದು ಕುರ್ಚಿ, ಅದರ ಮುಖ ಗೋಡೆಗೆ ಒತ್ತಿದ ಮೇಜಿನ ಕಡೆಗೆ. ಒಂದು ದಿನ ಇನ್ನೂರ ಆರರಲ್ಲಿ ಇಳಿದಿದ್ದ ಅಜ್ಜಿಯೊಬ್ಬರು ಹೋದ ಮೇಲೆ ನೋಡಿದರೆ ಕುರ್ಚಿ ಕಿಟಕಿಯ ಬಳಿ ಇತ್ತು. ಜಮಖಾನೆಯ ಮೇಲೆ ಅದನ್ನು ಎಳೆದ ನಾಲ್ಕು ಗೆರೆ. ಕಿಟಕಿಯ ಕಟ್ಟೆಯ ಮೇಲೆ ಬಿಸ್ಕತ್ತಿನ ಪುಡಿ, ಚಹಾ ತಣ್ಣಗಾದ ಎರಡು ಲೋಟ. ಯಾರೋ ಬಹಳ ಹೊತ್ತು ಕೂತ ಗುರುತು. ಪಾಪ, ಆ ವಯಸ್ಸಿನಲ್ಲಿ ಆ ಭಾರದ ಕುರ್ಚಿ ಎಳೆದರಲ್ಲ ಎಂದು ಗುಬ್ಬಿಗೆ ಅನಿಸಿತು. ಅವತ್ತಿನಿಂದ ಕೋಣೆ ಅಣಿಮಾಡುವಾಗ ಪರದೆ ಪೂರ್ತಿ ಸರಿಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಟ್ಟು ಬರತೊಡಗಿದಳು. ಇಪ್ಪತ್ತೆರಡು ಕೋಣೆಯಲ್ಲೂ.

ಸೂಪರ್‌ವೈಸರಮ್ಮ ದಿನವೂ ಬಾಗಿಲಲ್ಲಿ ನಿಂತು ಪಟ್ಟಿ ಓದುತ್ತಿದ್ದಳು. ಟವೆಲು ನಾಲ್ಕು, ಇದೆ. ದೋಣಿ ಒಂದು, ಇದೆ. ಕುರ್ಚಿ ಒಂದು, ಇದೆ. ಕುರ್ಚಿಯ ಮುಖ ಯಾವ ಕಡೆ ಎಂದು ಪಟ್ಟಿ ಕೇಳುತ್ತಿರಲಿಲ್ಲ. ನಿಯಮದ ಪುಸ್ತಕ ಕೇಳುತ್ತಿತ್ತು, ಆದರೆ ಅದು ಇನ್ನೂರ ಹನ್ನೆರಡನೇ ಪುಟದಲ್ಲಿ. ಅಲ್ಲಿಯವರೆಗೆ ಓದಿದವರು ಆ ಶಾಖೆಯಲ್ಲಿ ಹುಟ್ಟಿರಲಿಲ್ಲ.

ಕಾರಣ ಗೊತ್ತಿಲ್ಲದ ಮ್ಯಾನೇಜರು ತನಗೆ ತೋಚಿದ ಮದ್ದು ಹುಡುಕಿದ. ಅಂಕ ಇಳಿಸಬೇಕಾದರೆ ಸೇವೆ ಇಳಿಯಬೇಕು. ಚಹಾ ಆರಿಸಿ ಕೊಡಿ ಎಂದ. ಬಾಗಿಲಲ್ಲಿ ನಗಬೇಡಿ ಎಂದ. ದಿಂಬಿನ ಹತ್ತಿ ಅರ್ಧ ತೆಗೆಸಿದ. ಲಿಫ್ಟು ಕೆಟ್ಟಿದೆ ಎಂದು ಸುಮ್ಮಸುಮ್ಮನೆ ಬೋರ್ಡು ಹಾಕಿಸಿದ. ಅದನ್ನು ನೋಡಿದ ಮೇಲೂ ಲಿಫ್ಟು ಹತ್ತಿದವರನ್ನು ಇಳಿಸಲು ಒಬ್ಬನನ್ನು ನಿಲ್ಲಿಸಿದ. ವಾರದ ಕೊನೆಗೆ ಬಂದ ಅಭಿಪ್ರಾಯಗಳನ್ನು ಅವನೇ ಗಟ್ಟಿಯಾಗಿ ಓದಿದ.

"ಕುತ್ತಿಗೆ ಹಿಡಿದುಕೊಂಡಿದೆ. ಚಹಾ ಕಲಗಚ್ಚು. ಮಾತನಾಡಿಸಿದರೆ ಮುಖ ತಿರುಗಿಸುತ್ತಾರೆ. ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ. ಒಂಬತ್ತೂವರೆ."

ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಮ್ಯಾನೇಜರು ಅಲ್ಲೇ ಕೂತುಬಿಟ್ಟ. "ಒದ್ದರೂ ಹೋಗಲ್ವಲ್ಲಪ್ಪ ಇವರು," ಎಂದ.

ಅದಾಗಿ ಮೂರನೇ ದಿನ ಮುಖ್ಯ ಕಚೇರಿಯಿಂದ ಪರೀಕ್ಷೆ ಮಾಡುವ ಅಧಿಕಾರಿ ಬಂದ. ತೆಳ್ಳಗೆ, ಉದ್ದಕ್ಕೆ, ಸೊಂಟದಲ್ಲಿ ಅಳತೆಯ ಟೇಪು ಸಿಕ್ಕಿಸಿಕೊಂಡವನು. ಇಳಿಯುತ್ತಿದ್ದ ಹಾಗೇ ಮೆಟ್ಟಿಲು ಅಳೆದ. ಬಾಗಿಲ ಕಾಲೊರಸು ಅಳೆದ. ಬ್ರೆಡ್ಡಿನ ಯಂತ್ರದಲ್ಲಿ ಎರಡು ಸುತ್ತು ಹಾಕಿ, ಮಸಿಯನ್ನು ಉಗುರಿನಿಂದ ಕೆರೆದು ಮೂಸಿ, "ಸರಿಯಾಗಿದೆ," ಎಂದ. ನಮಸ್ಕಾರ ಮಾಡಿದ ಮ್ಯಾನೇಜರ ನಗು ಎಷ್ಟು ಅಗಲ ಎಂದೂ ಅಳೆದ. ಸಂಜೆಯೊಳಗೆ ಅವನಿಗೆ ಟೇಪು ಸಾಹೇಬ ಎಂಬ ಹೆಸರು ಬಿತ್ತು.

"ನಂಗೆ ಮೂರು ದಿನ ಟೈಮು," ಎಂದ ಟೇಪು ಸಾಹೇಬ. "ಕಾರಣ ಸಿಕ್ಕಿದ್ರೆ, ಮಾಡಿದೋರು ಮನೆಗೆ. ಸಿಗದಿದ್ರೆ ಶಾಖೆನೇ ಮುಚ್ಚೋದು. ಗುರುತು ಹಿಡಿಯಕ್ಕಾಗದ ರೋಗ ಉಳಿದ ಎಂಬತ್ತೈದಕ್ಕೆ ಅಂಟಬಾರದು."

ಬಟ್ಟೆ ಕೋಣೆಯಲ್ಲಿ ಚಿಕ್ಕಮ್ಮ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದಳು. "ನಂದೇ ಕಣೆ ತಪ್ಪು. ಯಂತ್ರದಲ್ಲಿ ಒಣಗಿಸೋ ಬದಲು ಟವೆಲನ್ನ ಬಿಸಿಲಿಗೆ ಹಾಕ್ತಿದ್ದೆ. ಬಿಸಿಲಿನ ವಾಸನೆಗೆ ಜನ ಮರುಳಾಗಿದಾರೆ."

"ಚಿಕ್ಕಮ್ಮ, ಟವೆಲ್ ಅಲ್ಲ."

"ಮತ್ತೆ?"

"ಕುರ್ಚಿ." ಗುಬ್ಬಿ ನಡೆದದ್ದನ್ನು ಹೇಳಿದಳು. ಅವಳು ಅಷ್ಟು ಉದ್ದ ಮಾತನಾಡಿದ್ದನ್ನು ಚಿಕ್ಕಮ್ಮ ಕೇಳಿದ್ದು ಅದೇ ಮೊದಲು.

ಚಿಕ್ಕಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಕುರ್ಚಿ ತಿರುಗಿಸಿದ್ರೆ ಒಂಬತ್ತು ಬರತ್ತಾ? ಹಂಗಾದ್ರೆ ಮಂಚ ತಿರುಗಿಸಿದ್ರೆ ಹನ್ನೆರಡು ಬರತ್ತೇನೆ? ಏನಿದೆ ಅಲ್ಲಿ ನೋಡಕ್ಕೆ?"

"ಬಸ್ ತೊಳೀತಾರೆ."

"ಬಸ್ ತೊಳೆಯೋದನ್ನ ನೋಡಕ್ಕೆ ಜನ ಊರಿಂದ ಊರಿಗೆ ಬರ್ತಾರಾ?" ಎಂದಳು. ಆದರೂ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆದ್ರೂ ನಮಗ್ಯಾಕೆ? ಈಗಲೇ ಹೋಗಿ ಎಲ್ಲಾನೂ ಗೋಡೆ ಕಡೆ ತಿರುಗಿಸಿ ಬಾ. ಯಾರಾದ್ರೂ ಕೇಳಿದ್ರೆ ನಿಂಗೆ ಕುರ್ಚಿ ಅಂದ್ರೇನು ಅಂತಲೇ ಗೊತ್ತಿಲ್ಲ. ನಿನ್ನ ಕೆಲಸ ಹೋದ್ರೆ ಬಾಲದ ಹಾಗೆ ನಂದೂ ಹೋಗತ್ತೆ, ನೆನಪಿರಲಿ."

ಗುಬ್ಬಿ ಓಡಿದಳು. ಇಪ್ಪತ್ತೊಂದು ಕುರ್ಚಿಗಳ ಮುಖ ಗೋಡೆಗೆ ತಿರುಗಿತು. ಇಪ್ಪತ್ತೆರಡನೆಯದು ಇನ್ನೂರ ಒಂಬತ್ತರಲ್ಲಿ. ಬಾಗಿಲು ತಳ್ಳಿದರೆ ಟೇಪು ಸಾಹೇಬ ಆಗಲೇ ಒಳಗಿದ್ದ. ಬೂಟು ಬಿಚ್ಚಲೆಂದು ಆ ಕುರ್ಚಿಯಲ್ಲೇ ಕೂತಿದ್ದ. ಒಂದು ಬೂಟು ಬಿಚ್ಚಿದ್ದ, ಇನ್ನೊಂದರ ಲಾಡಿ ಕೈಯಲ್ಲೇ ಇತ್ತು. ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಿದ್ದ.

"ಕುರ್ಚಿ ಸರಿ ಮಾಡ್ಲಾ ಸಾರ್?" ಎಂದಳು ಗುಬ್ಬಿ. ಅದು ಬಾಯಿಂದ ಹೊರಗೆ ಬಂತೋ ಇಲ್ಲವೋ ಅವಳಿಗೇ ಅನುಮಾನ.

"ಶ್!" ಎಂದ ಟೇಪು ಸಾಹೇಬ.

ಕೆಳಗೆ ಅಂಗಳಕ್ಕೆ ಒಂದು ಬಸ್ಸು ಬಂದಿತ್ತು. ಯಾವ ಕೆಸರಿನಲ್ಲಿ ಉರುಳಾಡಿ ಬಂದಿತ್ತೋ, ಅದರ ಬಣ್ಣ ಯಾವುದೆಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ದಪ್ಪ ಹೆಂಗಸೊಬ್ಬಳು ಉದ್ದ ಕೋಲಿನ ಬ್ರಷ್ಷು ಹಿಡಿದು ಅದರ ಸುತ್ತ ಒಮ್ಮೆ ನಡೆದಳು, ತಡವಾಗಿ ಮನೆಗೆ ಬಂದ ಮಗನನ್ನು ತಾಯಿ ನೋಡುವ ಹಾಗೆ ನೋಡಿದಳು. ಒಬ್ಬ ಪೈಪು ಹಿಡಿದ. ಮೊದಲು ಮುಖಕ್ಕೆ ನೀರು, ಆಮೇಲೆ ಬೆನ್ನಿಗೆ. ಕೆಸರು ಇಳಿಯುತ್ತಿದ್ದ ಹಾಗೆ ಒಳಗಿನಿಂದ ಮೆಲ್ಲಗೆ ನೀಲಿ ಬಂತು. ನೊರೆ ಹಚ್ಚಿದರು, ಉಜ್ಜಿದರು, ಚಕ್ರದ ಸಂದು ಬಿಡದೆ ತೊಳೆದರು. ಪಕ್ಕದಲ್ಲಿ ಡ್ರೈವರು ಕೈಕಟ್ಟಿ, ಮಗಳ ಅಲಂಕಾರ ಮುಗಿಯುವುದನ್ನು ಕಾಯುವ ಅಪ್ಪನ ಹಾಗೆ ನಿಂತಿದ್ದ. ಎಲ್ಲ ಮುಗಿದ ಮೇಲೆ ದಪ್ಪ ಹೆಂಗಸು ಬಸ್ಸಿನ ಹಿಂಭಾಗಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟಳು, ಹೋಗು ಎಂದು. ಬಸ್ಸು ಹೊಳೆಯುತ್ತ ಹೋಯಿತು. ಗಾಜಿನ ಆಚೆಯಿಂದ ಸದ್ದು ಏನೂ ಬರುತ್ತಿರಲಿಲ್ಲ.

ಹಿಂದೆಯೇ ಇನ್ನೊಂದು ಬಂತು.

"ಇದು ಯಾವ ಬಣ್ಣ ಇರಬೋದು?" ಎಂದ ಟೇಪು ಸಾಹೇಬ, ತಿರುಗಿ ನೋಡದೆ.

"ಹಸಿರು," ಎಂದಳು ಗುಬ್ಬಿ. "ಕಿಟಕಿ ಕೆಳಗೆ ಒಂಚೂರು ಕಾಣತ್ತೆ."

ಹಸಿರೇ ಆಗಿತ್ತು. ಗುಬ್ಬಿ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಬಂದಳು.

ಟೇಪು ಸಾಹೇಬ ಆ ದಿನ ಹೊರಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಊಟ ಕೋಣೆಗೇ ಹೋಯಿತು. ತಟ್ಟೆ ಮುಟ್ಟದೆ ಬಂತು. ಮ್ಯಾನೇಜರು ದಿನಕ್ಕೆ ಆರು ಸಲ ಇನ್ನೂರ ಒಂಬತ್ತರ ಬಾಗಿಲಿಗೆ ಕಿವಿ ಕೊಟ್ಟು ಬಂದ.

"ಏನೂ ಸದ್ದಿಲ್ಲ. ಬರೀತಿದಾನೆ. ಒಬ್ಬ ಮನುಷ್ಯ ಎರಡು ದಿನ ಕೂತು ಬರೆಯೋಷ್ಟು ತಪ್ಪು ಮಾಡಿದೀವೇನ್ರೋ ನಾವು?"

"ಒಂದ್ಸಲ ಒಳಗಿಂದ 'ಶಭಾಷ್' ಅಂದಂಗೆ ಕೇಳಿಸ್ತು ಸಾರ್," ಎಂದ ಅಡುಗೆಯವನು. "ನನ್ನ ಸಾರಿಗೇ ಇರಬೇಕು."

"ಸಾರು ವಾಪಸ್ ಬಂದಿದೆ ಕಣಯ್ಯ."

ಅದೇ ಎರಡು ದಿನದಲ್ಲಿ ಇನ್ನೊಂದು ಬೆಳವಣಿಗೆ ಆಯಿತು. ಉಳಿದ ಕೋಣೆಗಳಲ್ಲಿ ಗೋಡೆ ನೋಡಿಕೊಂಡು ಕೂತವರು ಏಳು ಬರೆದು ಹೋದರು. ಏಳು, ಏಳು, ಆರೂವರೆ, ಏಳು. ಮ್ಯಾನೇಜರ ಕಣ್ಣಲ್ಲಿ ನೀರು ಬಂತು. ಲಿಫ್ಟಿನ ಬೋರ್ಡು ತೆಗೆಸಿದ. ದಿಂಬಿಗೆ ಹತ್ತಿ ತುಂಬಿಸಿದ. ಚಿಕ್ಕಮ್ಮ ಗುಬ್ಬಿಯ ಕೆನ್ನೆ ಹಿಂಡಿ, "ನೋಡಿದ್ಯಾ? ಬಾಯಿ ಮುಚ್ಕೊಂಡು ಇರೋದು ನಿಂಗೆ ಹುಟ್ಟಿಂದ ಬಂದಿರೋ ವಿದ್ಯೆ. ಇನ್ನೊಂದು ದಿನ ಇದ್ದುಬಿಡು," ಎಂದಳು.

ಮೂರನೇ ದಿನ ಮಧ್ಯಾಹ್ನ ಟೇಪು ಸಾಹೇಬ ಕೆಳಗಿಳಿದು ಬಂದ. ಕಣ್ಣು ಕೆಂಪಗಿತ್ತು. ಒಂದೇ ಕಾಲಿನಲ್ಲಿ ಬೂಟು ಇತ್ತು. ನಲವತ್ತು ಜನವೂ ಮತ್ತೆ ತಿಂಡಿಯ ಹಾಲಿನಲ್ಲಿ ನಿಂತರು.

"ಸಾರ್, ಏಳು ಬಂದುಬಿಡ್ತು!" ಮ್ಯಾನೇಜರು ಕಾಗದ ಚಾಚಿದ. "ರೋಗ ತಾನಾಗೇ ವಾಸಿ ಆಯ್ತು."

ಟೇಪು ಸಾಹೇಬ ಅದನ್ನು ನೋಡಿದ. ಆಮೇಲೆ ತನ್ನ ಜೇಬಿನಿಂದ ಇನ್ನೊಂದು ಕಾಗದ ತೆಗೆದ.

"ಹಾಗಾದ್ರೆ ಇದು ಎಲ್ಲಿಂದ ಬಂತು? ನಿಯಮದ ಪ್ರಕಾರ ನಾನೂ ಅಂಕ ಕೊಡ್ಬೇಕು. ಸುಳ್ಳು ಬರೆಯೋ ಹಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಎಂಬತ್ತಾರು ಶಾಖೆಗೂ ಏಳೇ ಬರೆದಿದೀನಿ. ಇವತ್ತು ಬೆಳಿಗ್ಗೆ ಪೆನ್ನು ಹಿಡಿದ್ರೆ…" ಕಾಗದ ಬಿಚ್ಚಿ ತೋರಿಸಿದ. "ಹತ್ತು ಬಂತು."

ಹಾಲಿನಲ್ಲಿ ಯಾರೋ "ಅಯ್ಯೋ" ಎಂದರು.

"ಎಲ್ಲ ಅಳೆದಿದೀನಿ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ. ರೋಗ ನನಗೇ ಅಂಟಿದೆ, ಆದ್ರೆ ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಕಾರಣ ಇಲ್ಲ ಅಂದ್ರೆ ನಿಯಮ ಒಂದೇ. ಸಂಜೆಗೆ ಬೀಗ. ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಸಾಮಾನು ತಗೊಂಡು ಹೋಗಿ."

ಅಡುಗೆಯವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸೂಪರ್‌ವೈಸರಮ್ಮ ಪಟ್ಟಿಯನ್ನು ಎದೆಗೆ ಅವುಚಿಕೊಂಡಳು. ಗುಬ್ಬಿ ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಬೇಡ ಎಂದು ಕಣ್ಣಲ್ಲೇ ಹೇಳಿದಳು. ಗುಬ್ಬಿ ಉಳಿದ ಮೂವತ್ತೆಂಟು ಜನರ ಕಡೆ ನೋಡಿದಳು. ಅವರ ಚಪ್ಪಲಿಗಳನ್ನು ನೋಡಿದಳು, ಅವಳು ಸಾಮಾನ್ಯವಾಗಿ ನೋಡುತ್ತಿದ್ದದ್ದು ಅದನ್ನೇ. ಆಮೇಲೆ ಅವಳ ಬಾಯಿಂದ ಒಂದು ಸದ್ದು ಬಂತು.

"ಕುರ್ಚಿ."

ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಮಾತ್ರ ಕೇಳಿಸಿ, ಸೊಂಟ ಚಿವುಟಿದಳು. ಆ ಉರಿಗೆ ಗುಬ್ಬಿಯ ಗಂಟಲು ಬಿಚ್ಚಿಕೊಂಡಿತು.

"ಕುರ್ಚಿ ತಿರುಗಿಸಿದ್ದು ನಾನು! ಕಿಟಕಿ ಕಡೆಗೆ! ಒಂದು ತಿಂಗಳಿಂದ!"

ಉಳಿದವರೆಲ್ಲರೂ, ಅಳತೆಯವನೂ ತಿರುಗಿದರು. ಗುಬ್ಬಿಯ ದನಿ ಹೇಗಿದೆ ಎಂದು ಅಲ್ಲಿದ್ದ ಬಹಳ ಜನಕ್ಕೆ ಅವತ್ತು ತಿಳಿಯಿತು.

"ನಾನು ಹೇಳಿಕೊಟ್ಟದ್ದಲ್ಲ," ಎಂದಳು ಚಿಕ್ಕಮ್ಮ ತಕ್ಷಣ. ಆಮೇಲೆ ಏನನ್ನಿಸಿತೋ, ಗುಬ್ಬಿಯ ಮುಂದೆ ಬಂದು ಅಡ್ಡ ನಿಂತಳು. "ಆದ್ರೆ ಮಗು ಮಾಡಿದ್ರಲ್ಲಿ ತಪ್ಪೇನು, ಹೇಳಿ ನೋಡೋಣ!"

ಎಲ್ಲರೂ ಮೇಲೆ ಹೋದರು. ಟೇಪು ಸಾಹೇಬ ಇನ್ನೂರ ಒಂಬತ್ತರ ಕುರ್ಚಿಯ ನಾಲ್ಕು ಕಾಲನ್ನೂ ಅಳೆದ, ಕಿಟಕಿಗೆ ಎಷ್ಟು ದೂರ, ಗೋಡೆಗೆ ಎಷ್ಟು ವಾರೆ ಎಂದು ಬರೆದುಕೊಂಡ. "ಇಷ್ಟೇನಾ?" ಎಂದ. "ಬರೀ ಇಷ್ಟೇನಾ?" ಪರೀಕ್ಷೆಗೆಂದು ಮ್ಯಾನೇಜರನ್ನು ಕೂರಿಸಿದ. ಕೆಳಗೆ ಕೆಂಪು ಬಸ್ಸೊಂದು ನೊರೆಯಲ್ಲಿ ಮುಳುಗಿತ್ತು. ಮ್ಯಾನೇಜರು ಕೂತವನು ಏಳಲಿಲ್ಲ.

"ಎಂಟು ವರ್ಷದಿಂದ ಇಲ್ಲಿದೀನಿ," ಎಂದ. "ಹಿಂದುಗಡೆ ಬಸ್ ತೊಳೀತಾರೆ ಅಂತ ಒಬ್ಬರಾದ್ರೂ ಹೇಳಿದೀರೇನ್ರೋ?"

"ಏಳಿ ಸಾರ್, ನಾವೂ ನೋಡ್ಬೇಕು," ಎಂದ ಅಡುಗೆಯವನು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಚಿಕ್ಕಮ್ಮನ ಸರದಿ ಬಂತು. ಅವಳು ಕೂತು, ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಎಲಾ ಇವಳ! ಎಷ್ಟು ಚೆನ್ನಾಗಿ ಒಗೀತಾಳೆ ನೋಡು," ಎಂದಳು. ಅವಳ ಬಾಯಿಂದ ಇನ್ನೊಬ್ಬರ ಒಗೆತಕ್ಕೆ ಹೊಗಳಿಕೆ ಬಂದದ್ದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮುಖ್ಯ ಕಚೇರಿಯ ಯಜಮಾನರು ಫೋನಿನಲ್ಲಿ ಎಲ್ಲವನ್ನೂ ಕೇಳಿದರು. ಬಹಳ ಹೊತ್ತು ಯೋಚಿಸಿ ತೀರ್ಪು ಹೇಳಿದರು: ಒಂದು ಶಾಖೆಯಲ್ಲಿ ತಿರುಗಿದ ಕುರ್ಚಿ ಎಲ್ಲ ಶಾಖೆಯಲ್ಲೂ ತಿರುಗಬೇಕು. ಎಲ್ಲರಿಗೂ ಒಂಬತ್ತು ಬಂದರೆ ಅದೇ ಹೊಸ ಏಳು. ಮಾಡಿದವಳು ಮನೆಗೆ ಹೋಗಬೇಕೆಂಬ ನಿಯಮ ಹಾಗೇ ಇರುತ್ತದೆ, ಆದರೆ ಎಂಬತ್ತೈದು ಶಾಖೆಗಳಲ್ಲಿ ಕುರ್ಚಿ ತಿರುಗಿಸಿ ಮುಗಿಸಿದ ಮೇಲೆ ಹೋದರೆ ಸಾಕು. ಒಂದು ಶಾಖೆಗೆ ಒಂದು ತಿಂಗಳು. ಚಿಕ್ಕಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಏಳು ವರ್ಷದ ಮೇಲಾಯಿತು. ಅಷ್ಟರಲ್ಲಿ ಅವಳೂ ಕೆಲಸ ಬಿಡುವ ವಯಸ್ಸು.

"ಹೋಗಿ ಬಾ ಮಗಳೇ," ಎಂದಳು. "ನಿಧಾನಕ್ಕೆ ತಿರುಗಿಸು."

ಗುಬ್ಬಿ ಮೊದಲು ಹೋದ ಊರು ರೈಲಿನಲ್ಲಿ ಒಂದು ದಿನದ ದಾರಿ. ಇನ್ನೂರ ಒಂಬತ್ತೇ ಕೊಟ್ಟರು. ಹಳದಿ ದೋಣಿ, ಎಡಗೈಗೆ ಸ್ವಿಚ್ಚು, ಗಿಡ್ಡ ವಯರಿನ ಕೆಟಲು. ಎದ್ದ ಕೂಡಲೇ ಅವಳಿಗೆ ಚಿಕ್ಕಮ್ಮನನ್ನು ಕೂಗಬೇಕೆನಿಸಿತು. ಬೆಳಿಗ್ಗೆ ಅಲ್ಲಿಯ ಮ್ಯಾನೇಜರು ನಿಯಮದ ಪುಸ್ತಕದ ಹೊಸ ಹಾಳೆ ಹಿಡಿದು ಬಂದು ಬಾಗಿಲಲ್ಲಿ ನಿಂತ. ಗುಬ್ಬಿ ಪರದೆ ಸರಿಸಿ ಕುರ್ಚಿ ತಿರುಗಿಸಿದಳು.

ನಾಲ್ಕು ಮೊಳ ದೂರದಲ್ಲಿ ಒಂದು ಬೂದು ಗೋಡೆ. ಅದರಲ್ಲಿ ಒಂದು ಸಣ್ಣ ಕಿಟಕಿ, ಅದೂ ಮುಚ್ಚಿತ್ತು.

"ಏನ್ ಕಾಣ್ತಿದೆ?" ಎಂದ ಮ್ಯಾನೇಜರು.

"ಗೋಡೆ."

"ನಮಗೂ ಅಷ್ಟೇ ಕಾಣೋದಮ್ಮ. ಇದನ್ನ ನೋಡಿ ಯಾರು ಒಂಬತ್ತು ಕೊಡ್ತಾರೆ? ಹೋಗಿ ಬರೆದುಬಿಡು, ಈ ಶಾಖೆ ಆಗಲ್ಲ ಅಂತ."

ಆಗಲ್ಲ ಎಂದು ಬರೆದರೆ ಅಲ್ಲಿಗೆ ಮುಗಿಯಿತು, ಅವಳಿಗೂ ಚಿಕ್ಕಮ್ಮನಿಗೂ ಮನೆಯ ದಾರಿ. ಗುಬ್ಬಿ ಕುರ್ಚಿಯಲ್ಲಿ ಕೂತಳು. "ಸ್ವಲ್ಪ ತಡೀರಿ ಸಾರ್," ಎಂದಳು.

ಕೋಣೆಗೆ ಒಂದೇ ಕುರ್ಚಿ ಎಂದು ನಿಯಮ, ಕೆಲಸದವರು ಹಾಸಿಗೆಯ ಮೇಲೆ ಕೂರಬಾರದೆಂದೂ ನಿಯಮ. ಮ್ಯಾನೇಜರು ನಿಂತೇ ಇದ್ದ. ಎಂಟಾಯಿತು, ಒಂಬತ್ತಾಯಿತು. ಒಂದು ಇರುವೆ ಗೋಡೆ ಹತ್ತಿ, ಏನೋ ಮರೆತ ಹಾಗೆ ಇಳಿಯಿತು. ಬಿಸಿಲಿನ ಒಂದು ಪಟ್ಟಿ ಮೇಲಿನಿಂದ ಕೆಳಗೆ ಬಂದು ಆ ಸಣ್ಣ ಕಿಟಕಿಯ ಕಟ್ಟೆ ಮುಟ್ಟಿತು. ಮುಟ್ಟಿದ್ದೇ ತಡ, ಕಿಟಕಿ ಒಂದು ಗೇಣು ತೆರೆದು ಒಂದು ಕೈ ಹೊರಗೆ ಬಂತು. ಬರೀ ಕೈ. ಅದು ಕಟ್ಟೆಯ ಮೇಲೆ ಒಂದು ಬೂಟು ಇಟ್ಟು ಒಳಗೆ ಹೋಯಿತು. ಮತ್ತೆ ಬಂದು ಇನ್ನೊಂದು ಇಟ್ಟಿತು. ಮತ್ತೊಂದು. ಕಂದು, ಕಪ್ಪು, ಮಕ್ಕಳದ್ದೊಂದು ಕೆಂಪು. ಏಳು ಬೂಟು ಬಿಸಿಲಿಗೆ ಸಾಲಾಗಿ ನಿಂತವು.

ಮ್ಯಾನೇಜರು ಮುಂದೆ ಬಂದ. ಮೂಗು ಗಾಜಿಗೆ ತಾಗಿತು.

"ಎಲ್ಲಾ ಎಡಗಾಲಿಂದೇ," ಎಂದಳು ಗುಬ್ಬಿ.

"ಹೌದಲ್ಲ!" ಅವನ ಕೈಯಿಂದ ನಿಯಮದ ಹಾಳೆ ಜಾರಿತು. "ಬಲಗಾಲಿಂದು ಎಲ್ಲಿ?"

ಗುಬ್ಬಿ ಸದ್ದಿಲ್ಲದೆ ಎದ್ದು ಕುರ್ಚಿಯನ್ನು ಅವನ ಹಿಂದಕ್ಕೆ ತಳ್ಳಿದಳು. ಅವನು ಕೂತದ್ದು ಅವನಿಗೇ ಗೊತ್ತಾಗಲಿಲ್ಲ. ಅವಳು ಬಕೆಟ್ಟು ಎತ್ತಿಕೊಂಡು ಇನ್ನೂರ ಹತ್ತರ ಬಾಗಿಲು ತಟ್ಟಿದಳು. ಗೋಡೆಯ ಆಚೆಯಿಂದ ಮ್ಯಾನೇಜರ ದನಿ ಕೇಳುತ್ತಲೇ ಇತ್ತು. "ಏ ಹುಡುಗಿ, ಎಲ್ಲಿ ಹೋದ್ಯಮ್ಮ? ಬಲಗಾಲಿಂದು ಎಲ್ಲಿ?"